ಬಾಣಂತಿ ಕೋಣೆಯ ಬ್ಯಾಟರಿ

ನಮ್ಮಪ್ಪನಿಗೆ ಖಾಲಿ ಬ್ಯಾಟರಿ ಕಂಡರೆ ಆಗುತ್ತಿರಲಿಲ್ಲ. ಮನೆಗೆ ಬಂದವರು ಮೊಬೈಲನ್ನು ಕಟ್ಟೆಯ ಮೇಲೆ ಇಟ್ಟರೆ ಅವನ ಕಣ್ಣು ಮೊದಲು ಹೋಗುತ್ತಿದ್ದುದು ಅದರ ಮೂಲೆಯಲ್ಲಿರುವ ಬ್ಯಾಟರಿ ಗೆರೆಯ ಮೇಲೆ. ಅರ್ಧಕ್ಕಿಂತ ಕೆಳಗಿದ್ದರೆ ಕೇಳುವುದಿಲ್ಲ ಗೀಳುವುದಿಲ್ಲ, ಎತ್ತಿಕೊಂಡು ಹೋಗಿ ಚಾರ್ಜಿಗೆ ಹಚ್ಚಿಬಿಡುತ್ತಿದ್ದ. ಬಂದವರು ಚಹಾ ಕುಡಿದು ಎದ್ದಾಗ ಅವರ ಮೊಬೈಲು ಹುಡುಕಿ ಕೊಡುವುದು ಅವ್ವನ ಕೆಲಸ. 'ಬ್ಯಾಟರಿ ಹಸ್ತಿರಬಾರದು' ಎಂಬುದು ಅವನ ಮಾತು. ನಮಗೆ ಹಸಿವಾಗಿದೆಯೇ ಎಂದು ಅವನು ಕೇಳಿದ್ದು ನನಗೆ ಅಷ್ಟಾಗಿ ನೆನಪಿಲ್ಲ.

ಅವನ ತಪ್ಪಲ್ಲ ಅದು. ಅವನು ದುಡಿದದ್ದು ಹಟ್ಟಿಯ ಚಿನ್ನದ ಗಣಿಯಲ್ಲಿ, ದೀಪದ ಕೋಣೆಯಲ್ಲಿ. ನೆಲದಡಿಗೆ ಇಳಿಯುವ ಪ್ರತಿಯೊಬ್ಬನೂ ಟೋಪಿಗೆ ಸಿಕ್ಕಿಸುವ ದೀಪವನ್ನೂ ಸೊಂಟಕ್ಕೆ ಕಟ್ಟುವ ಭಾರದ ಸೀಸದ ಬ್ಯಾಟರಿಯನ್ನೂ ಅಲ್ಲಿಂದ ತೆಗೆದುಕೊಂಡು ಹೋಗಬೇಕು, ಪಾಳಿ ಮುಗಿಸಿ ಮೇಲೆ ಬಂದು ಅಲ್ಲೇ ಒಪ್ಪಿಸಬೇಕು. ಒಪ್ಪಿಸಿದ ಕೂಡಲೇ ಅದನ್ನು ಚಾರ್ಜಿಗೆ ಏರಿಸುವುದು ಅಪ್ಪನ ಕೆಲಸ. ಅರೆತುಂಬಿದ್ದನ್ನು ಕೊಟ್ಟು ಕಳಿಸಿದರೆ ಭೂಮಿಯ ಹೊಟ್ಟೆಯಲ್ಲಿ ಒಬ್ಬ ಮನುಷ್ಯನ ಮುಂದೆ ಕತ್ತಲಾಗುತ್ತದೆ. ತಾನು ಕೊಟ್ಟ ದೀಪ ಒಂದೂ ಒಳಗೆ ಆರಿಲ್ಲ ಎಂದು ಅಪ್ಪ ನಿವೃತ್ತಿಯ ದಿನ ಹೇಳಿದ್ದ, ಆಮೇಲೂ ಹೇಳುತ್ತಲೇ ಇದ್ದ. ಸೀಸದ ಬ್ಯಾಟರಿಯ ಮಟ್ಟಿಗೆ ಅವನು ಕಲಿತದ್ದು ಸರಿ. ಅದನ್ನು ಖಾಲಿ ಬಿಟ್ಟರೆ ಕೆಡುತ್ತದೆ, ತುಂಬಿಸಿ ಇಟ್ಟರೆ ಬಾಳುತ್ತದೆ, ಸರಿಯಾದ ಚಾರ್ಜಿನಲ್ಲಿ ಹೆಚ್ಚು ಹೊತ್ತು ಇದ್ದರೂ ತಡೆದುಕೊಳ್ಳುತ್ತದೆ.

ನಾನು ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅದು ಅಪ್ಪನಿಂದ ಬಂದದ್ದು ಎಂದು ಅವ್ವ ಹೇಳುತ್ತಾಳೆ. ಅಪ್ಪ ಅದನ್ನು ಒಪ್ಪುವುದಿಲ್ಲ, ಹಾಗೆಂದವರ ಮೇಲೆ ಸಿಟ್ಟಿಗೇಳುತ್ತಾನೆ. ಚೊಚ್ಚಲ ಹೆರಿಗೆಗೆ ಮಸ್ಕಿಯ ತವರಿಗೆ ಬಂದಿದ್ದೆ. ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡು, ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮುಷ್ಟಿಯಷ್ಟು ಮುಖ, ಉಸಿರಾಡಿದರೆ ಪಕ್ಕೆಯ ಎಲುಬು ಎಣಿಸಬಹುದು. 'ಕೂಸನ್ನು ಬೆಚ್ಚಗಿಡಿ, ಹೊಗೆಯಿಂದ ದೂರವಿಡಿ, ಶ್ವಾಸಕೋಶ ಇನ್ನೂ ಎಳೆಯದು' ಎಂದು ಡಾಕ್ಟರು ಹೇಳಿ ಮನೆಗೆ ಕಳಿಸಿದರು. ಬೆಚ್ಚಗಿಡಿ ಎಂದದ್ದನ್ನು ಅವ್ವ ಕೇಳಿಸಿಕೊಂಡಳು. ಹೊಗೆ ದೂರವಿಡಿ ಎಂದದ್ದು ಅವಳ ಕಿವಿಗೆ ಬೀಳಲಿಲ್ಲ.

ಹೀಗೆ ನಾನು ಬಾಣಂತಿ ಕೋಣೆ ಸೇರಿದೆ. ಕಿಟಕಿಗೆ ಗೋಣಿತಟ್ಟು, ಬಾಗಿಲಿಗೆ ಕಂಬಳಿ, ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದ ಬಟ್ಟೆ. ನೂಲಿನ ಹೊರಸಿನ ಮೇಲೆ ನಾನು, ಪಕ್ಕದಲ್ಲಿ ಕೂಸು, ಬೆಳಿಗ್ಗೆ ಸಂಜೆ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಕೆಂಡದ ಮೇಲೆ ಅವ್ವ ಲೋಬಾನ ಉದುರಿಸಿದರೆ ಕೋಣೆ ದರ್ಗಾದ ಹಾಗೆ ಘಮಗುಟ್ಟುತ್ತಿತ್ತು. ಬೇಡವೆಂದು ಕೂಗಾಡಿದೆ. ಬಾಣಂತಿ ಕೂಗಾಡಬಾರದು, ನರ ಹಿಡಿಯುತ್ತದೆ ಎಂದು ಅವ್ವ ನನ್ನ ಬಾಯಿಗೆ ಅಂಟಿನ ಉಂಡಿ ತುರುಕಿದಳು. ಬೇಡಿಕೊಂಡು, ಬೈದು, ಹೊಗೆಯನ್ನು ಚೂರು ಕಡಿಮೆ ಮಾಡಿಸಿದ್ದೇ ನನ್ನ ದೊಡ್ಡ ಗೆಲುವು.

ಇನ್ನೊಂದು ಕಟ್ಟಳೆಯಿತ್ತು. ಬಾಣಂತಿ ಕೋಣೆಯಲ್ಲಿ ದೀಪ ಆರಬಾರದು. ಆರಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆ ಇರುವುದಕ್ಕೇ ಹೆದರಿಕೆ ಜಾಸ್ತಿ. ಅಜ್ಜಿಯ ಕಾಲದಲ್ಲಿ ಔಡಲೆಣ್ಣೆಯ ಹಣತೆ ಇಟ್ಟು ಸರದಿಯ ಮೇಲೆ ಕಾಯುತ್ತಿದ್ದರಂತೆ. ಅಪ್ಪ ಆ ಜವಾಬ್ದಾರಿಯನ್ನು ತಾನು ಹೊತ್ತುಕೊಂಡ. ದೀಪ ಆರದ ಹಾಗೆ ನೋಡಿಕೊಳ್ಳುವುದು ಅಂದರೆ ಅವನಿಗೆ ಮತ್ತೆ ನೌಕರಿ ಸಿಕ್ಕಂತೆ.

ನನ್ನ ಗಂಡನ ಮನೆ ಬಳಗಾನೂರಿನ ಹತ್ತಿರ, ಕಾಲುವೆಯ ನೀರು ಹರಿಯುವ ಭತ್ತದ ನೆಲ. ಗದ್ದೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಅಲ್ಲಿ ಮನೆಗೊಂದು. ಅಂಥ ಒಂದು ಹಳೆಯ ಪಂಪಿನಿಂದ ಅಪ್ಪ ಸೀಸದ ಬ್ಯಾಟರಿಯನ್ನೂ ಅದರ ಚಾರ್ಜರನ್ನೂ ಬಿಚ್ಚಿ ತಂದ. ಒಂದು ಹಲಗೆಗೆ ಎಲ್‌ಇಡಿ ಪಟ್ಟಿ ಅಂಟಿಸಿ ಗೋಡೆಗೆ ತೂಗುಹಾಕಿದ. ಬ್ಯಾಟರಿಯನ್ನು ಹೊರಸಿನ ಕೆಳಗೆ ಗೋಡೆಯ ಮಗ್ಗುಲಿಗೆ ಇಟ್ಟ, ಯಾಕೆಂದರೆ ಕೋಣೆಯ ಒಂದೇ ಒಂದು ಪ್ಲಗ್ಗು ಇದ್ದದ್ದು ಅಲ್ಲೇ. ಕರೆಂಟು ಇರಲಿ ಹೋಗಲಿ, ದೀಪ ಉರಿಯುತ್ತಲೇ ಇತ್ತು. ಕೂಸನ್ನು ನೋಡಲು ಬಂದವರೆಲ್ಲ ಕೂಸಿಗಿಂತ ಮೊದಲು ದೀಪವನ್ನು ಹೊಗಳಿದರು. ಅಪ್ಪ ಹೊಸ್ತಿಲಾಚೆ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ.

ಸೀಸದ ಬ್ಯಾಟರಿಗೆ ವಯಸ್ಸಾಗಿತ್ತು. ಒಂದು ದಿನ ದೀಪ ಮಂಕಾಯಿತು. ಅಪ್ಪ ಅವತ್ತೇ ಸಿಂಧನೂರಿನ ಬಸ್ಸು ಹತ್ತಿ, ಸಂಜೆಯೊಳಗೆ ಹೊಸದೊಂದನ್ನು ಹಿಡಿದು ಬಂದ. ನೀಲಿ ಪ್ಲಾಸ್ಟಿಕ್ ಬಿಗಿದು ಸುತ್ತಿದ ಚಪ್ಪಟೆ ಕಟ್ಟು, ಎರಡು ವೈರು, ಮೇಲೊಂದು ಅಂಟಿಸಿದ ಕಾಗದ. ಯಾವ ಕಂಪನಿಯ ಹೆಸರೂ ಇರಲಿಲ್ಲ. ಅಂಗಡಿಯವನೇ ಹಿಂದಿನ ಕೋಣೆಯಲ್ಲಿ ಕಟ್ಟಿಕೊಡುತ್ತಾನಂತೆ.

"ನೋಡವ್ವಾ, ಹೂವಿನಂಗ ಐತಿ," ಎಂದು ಅಂಗೈ ಮೇಲೆ ಇಟ್ಟು ತೂಗಿದ. "ಲಿಥಿಯಂ. ಹಳೇದು ಏಳು ಎಎಚ್ ಇತ್ತು, ಇದು ಇಪ್ಪತ್ತು."

ನಾನು ಕೈಗೆ ತೆಗೆದುಕೊಂಡೆ. ನನಗೆ ಅನುಮಾನ ಬಂದದ್ದು ಆಗಲೇ.

"ಅಪ್ಪಾ, ಇದರಾಗ ತೂಕನೇ ಇಲ್ಲಲ್ಲ."

"ಲಿಥಿಯಂ ಹಗೂರನ ಇರ್ತೈತಿ ಬೇ. ಸಾಲ್ಯಾಗ ಏನ್ ಹೇಳಿಕೊಡ್ತಿ ನೀ?"

"ಹಗೂರ ಇರ್ತೈತಿ, ಖರೆ. ಇಪ್ಪತ್ತು ಎಎಚ್ ಇಷ್ಟು ಹಗೂರ ಇರಂಗಿಲ್ಲ."

ಶಾಲೆಯಲ್ಲಿ ನಾನು ಹೇಳಿಕೊಡುವುದು ಇಷ್ಟೇ: ವೋಲ್ಟ್ ಅಂದರೆ ನೀರಿನ ಟಾಕಿ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದು, ಆಂಪಿಯರ್-ಅವರ್ ಅಂದರೆ ಆ ಟಾಕಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದು. ಅದನ್ನೇ ಗಿಡ್ಡ ಮಾಡಿ ಎಎಚ್ ಅನ್ನುತ್ತಾರೆ. ಸಣ್ಣ ಬ್ಯಾಟರಿಗಳ ಮೇಲೆ ಮಿಲಿಯಲ್ಲಿ ಬರೆಯುತ್ತಾರೆ, ಸಾವಿರ ಮಿಲಿ ಸೇರಿದರೆ ಒಂದು. ಅಪ್ಪನ ದೀಪ ಎಳೆಯುತ್ತಿದ್ದುದು ಸುಮಾರು ಅರ್ಧ ಆಂಪಿಯರ್. ಇಪ್ಪತ್ತು ಎಎಚ್ ನಿಜವೇ ಆಗಿದ್ದರೆ ಚಾರ್ಜು ತೆಗೆದ ಮೇಲೆ ಅದು ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಉರಿದು ಇನ್ನೂ ಮಿಗಬೇಕು. ಅಷ್ಟನ್ನು ಹಿಡಿದಿಡಲು ಒಳಗೆ ಅಷ್ಟು ಸರಕು ಬೇಕು, ಸರಕಿಗೆ ತೂಕ ಬೇಕು. ಕಾಗದದ ಮೇಲೆ ಏನು ಬೇಕಾದರೂ ಬರೆಯಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಸುಳ್ಳು ಲೆಕ್ಕದ ಬ್ಯಾಟರಿ ಬೇಗ ಆರುತ್ತದೆ, ಅಷ್ಟೇ ತಾನೆ ಎಂದು ಬಿಟ್ಟುಬಿಡಬಹುದಿತ್ತು. ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ.

"ಚಾರ್ಜರ್ ಯಾವುದು ಹಚ್ಚತಿ?"

"ಇದ್ದದ್ದ ಹಚ್ಚತೀನಿ. ಅದೂ ಹನ್ನೆರಡು ವೋಲ್ಟು, ಇದೂ ಹನ್ನೆರಡು ವೋಲ್ಟು. ಅಂಗಡ್ಯಾಂವ ನಡೀತೈತಿ ಅಂದಾನ."

ಹನ್ನೆರಡು ಎಂಬುದು ಕರೆಯುವ ಹೆಸರು ಮಾತ್ರ. ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿಯನ್ನು ತುಂಬಿಸಲು ಚಾರ್ಜರು ಹದಿನಾಲ್ಕರ ಮೇಲಕ್ಕೂ ತಳ್ಳುತ್ತದೆ. ಸೀಸಕ್ಕೆ ಅದು ಊಟ. ಮೂರು ಸೆಲ್ಲು ಸಾಲಾಗಿ ಜೋಡಿಸಿದ ಇಂಥ ಲಿಥಿಯಂ ಕಟ್ಟು ಹನ್ನೆರಡೂವರೆ ಆಸುಪಾಸಿಗೆ ತುಂಬಿಬಿಡುತ್ತದೆ. ಅದರಾಚೆ ತಳ್ಳಿದ್ದೆಲ್ಲ ಅದಕ್ಕೆ ವಿಷ. ಒಳ್ಳೆಯ ಕಟ್ಟಿನೊಳಗೆ ಒಂದು ಸಣ್ಣ ಸರ್ಕ್ಯೂಟ್ ಹಲಗೆ ಇರುತ್ತದೆ, ತುಂಬಿದ ಕೂಡಲೇ ಅದು ಕರೆಂಟಿಗೆ ಬಾಗಿಲು ಹಾಕುತ್ತದೆ. ಇದರಲ್ಲಿ ಅದು ಇದೆಯೋ ಇಲ್ಲವೋ ಪ್ಲಾಸ್ಟಿಕ್ ಹರಿಯದೆ ತಿಳಿಯುವಂತಿರಲಿಲ್ಲ. ಹರಿದು ನೋಡು ಎಂದೆ. ಹೊಸ ಸಾಮಾನು ಯಾರಾದರೂ ಹರಿಯುತ್ತಾರೆಯೇ ಎಂದು ಅಪ್ಪ ನಕ್ಕ. ಲಿಥಿಯಂ ಚಾರ್ಜರು ಬೇರೆ ಸಿಗುತ್ತದೆ, ಅದನ್ನು ತಾ ಎಂದೆ. "ನಾ ಎಷ್ಟ್ ಸಾವಿರ ಲ್ಯಾಂಪ್ ಚಾರ್ಜಿಗೆ ಹಾಕೀನಿ ಗೊತ್ತೈತೇನು?" ಎಂದು ಕೇಳಿದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬ್ಯಾಟರಿ ಹೊರಸಿನ ಕೆಳಗೆ, ನನ್ನ ಮಗಳ ಬೆನ್ನಿಗೆ ಒಂದು ಮೊಳ ದೂರದಲ್ಲಿ, ತನ್ನ ಜಾಗ ಹಿಡಿಯಿತು.

ಆವತ್ತಿನಿಂದ ನಮ್ಮ ಮನೆಯಲ್ಲಿ ಮಾತಿಲ್ಲದ ಒಂದು ಜಗಳ ಶುರುವಾಯಿತು. ನಾನು ಹೊರಸಿನಿಂದ ಬಗ್ಗಿ ಪ್ಲಗ್ಗು ಕೀಳುತ್ತಿದ್ದೆ. ಕೂಸಿಗೆ ಎಣ್ಣೆ ಹಚ್ಚಲು ಬಂದ ಅವ್ವ ನೋಡಿ, ದೀಪ ಆರೀತೆಂದು ಹೆದರಿ, ಮತ್ತೆ ಸಿಕ್ಕಿಸುತ್ತಿದ್ದಳು. ನಾನು ನಿದ್ದೆ ಹೋದಾಗ ಅಪ್ಪ ಬಂದು ಕೈಯಾಡಿಸಿ ನೋಡಿ ಹೋಗುತ್ತಿದ್ದ. ಎಚ್ಚರಾದಾಗಲೆಲ್ಲ ನಾನು ಮೊದಲು ಕೂಸಿನ ಮೂಗಿನ ಹತ್ತಿರ ಬೆರಳಿಡುತ್ತಿದ್ದೆ, ಆಮೇಲೆ ಕೆಳಗೆ ಕೈ ಇಳಿಸಿ ಬ್ಯಾಟರಿ ಮುಟ್ಟುತ್ತಿದ್ದೆ. ಬೆಚ್ಚಗಿರುತ್ತಿತ್ತು. ಆದರೆ ಅಗ್ಗಿಷ್ಟಿಗೆಯ ದೆಸೆಯಿಂದ ನೆಲ ಬೆಚ್ಚಗೆ, ಗೋಡೆ ಬೆಚ್ಚಗೆ, ಹೊರಸಿನ ನೂಲೂ ಬೆಚ್ಚಗೆ. ಯಾವುದರ ಬಿಸಿ ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಮಲಗಿದಂತೆ ಆ ದಿನಗಳನ್ನು ಕಳೆದೆ.

ಅವ್ವನ ಮೇಲೆ ಸಿಟ್ಟು ಮಾಡಿಯೂ ಉಪಯೋಗವಿರಲಿಲ್ಲ. ನಮ್ಮ ಸೀಮೆಯಲ್ಲಿ ಹಚ್ಚಿದ ಚಾರ್ಜನ್ನು ಕೀಳುವ ರೂಢಿಯೇ ಇಲ್ಲ. ಹಿಂದೆ ಕರೆಂಟು ಬಂದರೆ ಅದೊಂದು ಸುದ್ದಿ. ಬಂದ ಕೂಡಲೇ ಮೊಬೈಲು, ಬ್ಯಾಟರಿ, ಪಂಪು, ಎಲ್ಲವನ್ನೂ ಹಚ್ಚಿಬಿಟ್ಟು ತಮ್ಮ ಕೆಲಸಕ್ಕೆ ಹೋಗುವುದು. ಅದು ತುಂಬುವುದರೊಳಗೆ ಕರೆಂಟು ತಾನೇ ಹೋಗುತ್ತಿತ್ತು. ಚಾರ್ಜು ನಿಲ್ಲಿಸುವ ಕೆಲಸ ಮನುಷ್ಯರದಾಗಿರಲಿಲ್ಲ, ಕರೆಂಟಿನದಾಗಿತ್ತು. ಈಗ ಹಾಗಲ್ಲ. ನಾನು ಬಾಣಂತಿಯಾಗಿ ಮಲಗಿದ ಆ ದಿನಗಳಲ್ಲಂತೂ ಮಸ್ಕಿಯಲ್ಲಿ ಕರೆಂಟು ಮಿಸುಕಲೇ ಇಲ್ಲ. "ಈ ಕೂಸು ಬಾಳ ಪುಣ್ಯವಂತಿ, ಬಂದಾಗಿಂದ ಕರೆಂಟ್ ಹೋಗಿಲ್ಲ," ಎಂದು ಅವ್ವ ದೃಷ್ಟಿ ತೆಗೆಯುತ್ತಿದ್ದಳು. ನಾನು ಮಾತ್ರ ಕರೆಂಟು ಹೋಗಲಿ ಎಂದು ದೇವರನ್ನು ಬೇಡುತ್ತಿದ್ದೆ. ಹಾಗೆ ಬೇಡಿದ ಹೆಂಗಸು ಇಡೀ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ದೇವರು ಕೇಳಿಸಿಕೊಂಡ, ಆದರೆ ತನ್ನ ರೀತಿಯಲ್ಲಿ. ಒಂದು ಬೆಳಿಗ್ಗೆ ಲೈನಿನ ಕೆಲಸವಿದೆ ಎಂದು ಕರೆಂಟು ತೆಗೆದರು. ಅಪ್ಪ ಬಾಗಿಲಲ್ಲಿ ಬಂದು ನಿಂತು, "ಈಗ ನೋಡು ಇಪ್ಪತ್ತು ಎಎಚ್ ಅಂದ್ರ ಏನಂತ," ಎಂದ. ಮಧ್ಯಾಹ್ನದ ರೊಟ್ಟಿ ತಟ್ಟುವ ಸದ್ದು ಅಡುಗೆಮನೆಯಿಂದ ಬರುವ ಹೊತ್ತಿಗೆ ದೀಪ ಮಿಣುಕತೊಡಗಿತು, ಇನ್ನೆರಡು ರೊಟ್ಟಿ ಬೇಯುವುದರೊಳಗೆ ಸತ್ತೇಹೋಯಿತು. ಎರಡೂವರೆ ಎಎಚ್ ಇದ್ದರೆ ಹೆಚ್ಚು ಎಂದು ನಾನು ಲೆಕ್ಕ ಹಾಕಿದೆ. ಕತ್ತಲಲ್ಲಿ ಅವ್ವ "ಯವ್ವಾ, ಯವ್ವಾ" ಎಂದು ಓಡಿ ಬಂದು ಹಣತೆ ಹಚ್ಚಿದಳು. ನನಗೆ ನಗು ಬಂತು, ಅಪ್ಪನ ಮುಖ ನೋಡಿ ನಿಂತುಹೋಯಿತು. ಜೀವಮಾನದಲ್ಲಿ ಮೊದಲ ಸಲ ಅವನು ಕೊಟ್ಟ ದೀಪ ಆರಿತ್ತು.

ಅವನು ಸುಮ್ಮನೆ ಸೋಲೊಪ್ಪಿಕೊಂಡಿದ್ದರೆ ಚೆನ್ನಾಗಿತ್ತು. "ಹೊಸಾದು, ಇನ್ನಾ ಪಳಗಿಲ್ಲ. ಹೊಟ್ಟಿ ತುಂಬ ಚಾರ್ಜ್ ಕುಡಿಬೇಕದು," ಎಂದು ಕರೆಂಟು ಬಂದ ಕೂಡಲೇ ಮತ್ತೆ ಹಚ್ಚಿದ, ಪ್ಲಗ್ಗಿನ ಮೇಲೆ ಕೈ ಇಡಬಾರದೆಂದು ನನಗೆ ತಾಕೀತು ಮಾಡಿದ. ಇಂಥ ಬ್ಯಾಟರಿ ತಳ ಕಾಣುವಂತೆ ಬರಿದಾದ ಮೇಲೆ ಒಳಗೇ ಪೆಟ್ಟು ತಿಂದಿರುತ್ತದೆ, ಆಮೇಲೆ ತುಂಬಿಸುವುದು ಹಸಿದಿದ್ದವನಿಗೆ ಕಲ್ಲು ತಿನ್ನಿಸಿದ ಹಾಗೆ. ಅದನ್ನು ಹೇಳಿದೆ. ಅವನು ಆಗಲೇ ಹೊರಟುಹೋಗಿದ್ದ.

ಮರುದಿನ ಕೋಣೆಯಲ್ಲಿ ಒಂದು ವಾಸನೆ. ಸಿಹಿ ವಾಸನೆ, ಉಗುರಿಗೆ ಹಚ್ಚುವ ಬಣ್ಣದ ಶೀಶೆ ತೆರೆದಿಟ್ಟಂತೆ. ಅವ್ವನನ್ನು ಕೇಳಿದರೆ ಹೊಸ ಲೋಬಾನ ಎಂದಳು. ಕೂಸು ಸೀನಿತು, ಮತ್ತೆ ಸೀನಿತು. ನಾನು ಎದ್ದು, ಹೊಲಿಗೆಯ ನೋವನ್ನು ಹಲ್ಲು ಕಚ್ಚಿ ತಡೆದು, ನೆಲದ ಮೇಲೆ ಕೂತು ಹೊರಸಿನ ಕೆಳಗೆ ಮೊಬೈಲಿನ ಬೆಳಕು ಬಿಟ್ಟೆ. ನೀಲಿ ಕಟ್ಟು ಚಪ್ಪಟೆಯಾಗಿ ಉಳಿದಿರಲಿಲ್ಲ. ಒಂದು ಮಗ್ಗುಲು ಉಬ್ಬಿ, ಪ್ಲಾಸ್ಟಿಕ್ ಬಿಗಿದು ಹೊಳೆಯುತ್ತಿತ್ತು. ಪ್ಲಗ್ಗು ಕಿತ್ತು, ಕೂಸನ್ನು ಎತ್ತಿ ಎದೆಗೆ ಅವುಚಿಕೊಂಡು ಬಾಗಿಲ ಹತ್ತಿರ ನಿಂತೆ.

"ಅಪ್ಪಾ, ಇದನ್ನ ಈಗ ಹೊರಗ ಒಯ್ಯಿ. ಇಲ್ಲಂದ್ರ ಕೂಸಿನ್ನ ತಗೊಂಡು ನಾ ಅಂಗಳದಾಗ ಕುಂಡ್ರತೀನಿ. ಬಿಸಲಾಗ, ಗಾಳ್ಯಾಗ, ಬರೇ ತಲೀಲೆ ಕುಂಡ್ರತೀನಿ."

ಅವ್ವ ಬಾಯಿ ಬಡಿದುಕೊಂಡಳು. ಹಸಿ ಬಾಣಂತಿ ಗಾಳಿಗೆ ಕೂತರೆ ಓಣಿಯೆಲ್ಲ ನಗುತ್ತದೆ. ಅಪ್ಪ ಕೆಂಪಗಾದ. ಒಳಗೆ ಬಂದು ಬಗ್ಗಿ ಬ್ಯಾಟರಿಯನ್ನು ಎಳೆದುಕೊಂಡ. ಉಬ್ಬಿದ್ದನ್ನು ನೋಡಿದ, ಒಂದು ಗಳಿಗೆ ಅದರ ಮೇಲೆ ಹೆಬ್ಬೆರಳು ಆಡಿಸಿದ. ಅವನಿಗೂ ಅನುಮಾನ ಬಂದದ್ದು ನನಗೆ ಕಾಣಿಸಿತು. ಆದರೆ ಮಗಳು ಕೂಗಾಡುವಾಗ, ಹೆಂಡತಿ ನೋಡುತ್ತಿರುವಾಗ ಅದನ್ನು ಒಪ್ಪುವ ಜಾತಿಯಲ್ಲ ಅವನು.

"ಅಂಗಳದಾಗ ಹಚ್ಚತೀನಿ. ಬಾಜೂಕ ನಾನಽ ಕುಂಡ್ರತೀನಿ. ಸಂಜೀತನಕ ಏನೂ ಆಗಲಿಲ್ಲಂದ್ರ ತಿರುಗಿ ಒಳಗ ಬರತೈತಿ. ಆಮ್ಯಾಲ ನೀ ಒಂದ್ ಮಾತ್ ಆಡಂಗಿಲ್ಲ."

"ಹಚ್ಚಬ್ಯಾಡ, ದೂರ ಎಲ್ಲರೆ ಇಡು ಅಷ್ಟ," ಎಂದೆ. ಕೇಳಲಿಲ್ಲ. ಅಡುಗೆಮನೆಯಿಂದ ಉದ್ದನೆಯ ವೈರು ಎಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬ್ಯಾಟರಿ ಇಟ್ಟು, ಅದೇ ಹಳೆಯ ಚಾರ್ಜರು ಸಿಕ್ಕಿಸಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ನಾನು ಕಿಟಕಿಯ ಗೋಣಿತಟ್ಟು ಕಿತ್ತು ಬಿಸಾಡಿದೆ. ಹಗಲು ಬೆಳಕು ಕೋಣೆಗೆ ನುಗ್ಗಿತು, ಕೂಸು ಕಣ್ಣು ಕಿರಿದು ಮಾಡಿತು. ಅಪ್ಪ ಅಲ್ಲಿ, ನಾನು ಇಲ್ಲಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅದನ್ನೇ ನೋಡುತ್ತ ಕೂತೆವು. ಅವನು ನಡುನಡುವೆ ಅದರ ಮೇಲೆ ಅಂಗೈ ಇಡುತ್ತಿದ್ದ. ಒಮ್ಮೆ ಇಟ್ಟ ಕೈಯನ್ನು ತಟ್ಟನೆ ತೆಗೆದು, ಬಿಸಿಲಿನ ಕಾವು ಎಂಬಂತೆ ಆಕಾಶ ನೋಡಿದ.

"ಅಪ್ಪಾ, ಎದ್ದೇಳು ಅಲ್ಲಿಂದ," ಎಂದೆ. ನನ್ನ ಸಿಟ್ಟೆಲ್ಲ ಇಳಿದುಹೋಗಿ ಬರೀ ಹೆದರಿಕೆ ಉಳಿದಿತ್ತು. "ನಿನ್ನ ಕಾಲ್ ಬೀಳ್ತೀನಿ, ಎದ್ದೇಳು."

ಅವನು ಎದ್ದ. ಎದ್ದದ್ದು ನನ್ನ ಮಾತಿಗಲ್ಲ, ಕಟ್ಟಿನಿಂದ ಸುಂಯ್ ಎಂದು ಸದ್ದು ಬಂದದ್ದಕ್ಕೆ. ಎಡಗೈಯಿಂದ ವೈರು ಕಿತ್ತ. ಅಷ್ಟಕ್ಕೆ ದೂರ ಸರಿದಿದ್ದರೆ ಸಾಕಿತ್ತು, ಆದರೆ ಬಲಗೈ ಚಾಚಿ ಅದನ್ನು ಎತ್ತಿ ಎಸೆಯಲು ಹೋದ. ಬಿಳಿ ಹೊಗೆ ಅವನ ಮುಖಕ್ಕೆ ಹೊಡೆಯಿತು, ಹೊಗೆಯ ಹಿಂದೆಯೇ ಉದ್ದನೆಯ ಬೆಂಕಿ ಬುಸ್ಸೆಂದು ಪಕ್ಕಕ್ಕೆ ಚಿಮ್ಮಿತು. ಬ್ಯಾಟರಿ ಅವನ ಕೈಯಿಂದ ಜಾರಿ ಕಲ್ಲಿನ ಬುಡಕ್ಕೆ ಬಿತ್ತು. ಅವ್ವ ಕೊಡ ಹಿಡಿದು ಓಡಿ ಬಂದಳು. "ಹತ್ರ ಹೋಗಬ್ಯಾಡವ್ವಾ, ಇನ್ನಾ ಎರಡು ಸೆಲ್ ಅದಾವ ಒಳಗ!" ಎಂದು ನಾನು ಕಿಟಕಿಯಿಂದ ಚೀರಿದೆ. ಬೆಂಕಿ ತಗ್ಗಿತು, ಮುಗಿಯಿತು ಎನ್ನುವಾಗ ಎರಡನೆಯ ಸೆಲ್ಲು ಹೊತ್ತಿಕೊಂಡಿತು. ಅದೂ ಆರಿ, ಕರಿ ಮುದ್ದೆಯಿಂದ ನೂಲಿನಂತೆ ಹೊಗೆ ಏಳುತ್ತಿರುವಾಗ ಮೂರನೆಯದು. ಅಂಗಳದ ನಡುವೆ ಒಂದು ಮೊಳ ಎತ್ತರಕ್ಕೆ ಅದು ಉರಿದದ್ದನ್ನು ನೋಡಿ ನನ್ನ ಕಣ್ಣು ತಾನಾಗಿ ಹೊರಸಿನ ಕಡೆ ತಿರುಗಿತು. ನೂಲು, ಹಾಸಿಗೆ, ಹಳೆಯ ಸೀರೆಯ ಮೆತ್ತೆ, ಅದರ ಮೇಲೆ ಕೂಸಿನ ಕುಲಾಯಿ. ಬಾಗಿಲಿಗೆ ಕಂಬಳಿ. ನಾನು ಕಿಟಕಿ ಬಿಟ್ಟು ಅಲ್ಲೇ ಗೋಡೆಗೆ ಒರಗಿ ಕೂತೆ. ಕೂಸು ಎದೆಯ ಮೇಲೆ ಹಾಯಾಗಿ ಮಲಗಿತ್ತು.

ಅವ್ವ ಅಪ್ಪನನ್ನು ನಲ್ಲಿಯ ಕೆಳಗೆ ಎಳೆದುಕೊಂಡು ಹೋಗಿ ಕೈಮೇಲೆ ನೀರು ಬಿಟ್ಟಳು. ಬಲಗೈಯ ಬೆರಳುಗಳ ತೊಗಲು ಬೆಳ್ಳಗಾಗಿ ಸುಕ್ಕುಗಟ್ಟಿತ್ತು, ಹುಬ್ಬು ಸುಟ್ಟಿತ್ತು. ನಾನು ಕೂಸನ್ನು ಹೊತ್ತುಕೊಂಡೇ ಅಂಗಳಕ್ಕೆ ಬಂದೆ, ಬಾಣಂತಿ ಹೊಸ್ತಿಲು ದಾಟಿದ್ದನ್ನು ಯಾರೂ ಗಮನಿಸಲಿಲ್ಲ. ಅವನಿಗೆ ಏನೆಲ್ಲ ಅನ್ನಬೇಕೆಂದು ಇಷ್ಟು ದಿನ ಮಲಗಿದಲ್ಲೇ ಹೊಂದಿಸಿ ಇಟ್ಟುಕೊಂಡಿದ್ದೆನೋ ಅದೆಲ್ಲ ನಾಲಿಗೆಯ ತುದಿಗೆ ಬಂತು. "ನನ್ನ ಮಗಳನ್ನ ಸುಡ್ತಿದ್ದಿ ನೀ," ಎಂದೆ. ಅಂದೇ ಬಿಟ್ಟೆ.

ಅಪ್ಪ ನನ್ನ ಕಡೆ ನೋಡಲಿಲ್ಲ. ನೀರಿನ ಕೆಳಗಿನ ಕೈಯನ್ನೂ ನೋಡಲಿಲ್ಲ.

"ಸಂತೆಕಲ್ಲೂರಾಗ ಇನ್ನೊಂದೈತಿ," ಎಂದ.

ಮೊದಲು ನನಗೆ ತಿಳಿಯಲಿಲ್ಲ. ಸಂತೆಕಲ್ಲೂರಿನಲ್ಲಿ ಇರುವುದು ಅವನ ತಂಗಿ, ನನ್ನ ಸೋದರತ್ತೆ. ಅವಳ ಮಗಳೂ ಬಾಣಂತನಕ್ಕೆ ಬಂದಿದ್ದಳು, ಗಂಡು ಕೂಸು. ಒಂದು ಮಧ್ಯಾಹ್ನ ಅಪ್ಪ ಆಟೋ ಹಿಡಿದು ಹೋಗಿ ಕೂಸನ್ನು ನೋಡಿ ಬಂದಿದ್ದ. ಬರಿಗೈಯಲ್ಲಿ ಹೋಗಿರಲಿಲ್ಲ. ಸಿಂಧನೂರಿನಿಂದ ಎರಡು ಕಟ್ಟು ತಂದಿದ್ದನಂತೆ. ಇನ್ನೊಂದು ಹಲಗೆ, ಇನ್ನೊಂದು ದೀಪ, ಇನ್ನೊಂದು ಹಳೆಯ ಪಂಪಿನ ಚಾರ್ಜರು. ನನಗೆ ಹೇಳಿದರೆ ಜಗಳ ತೆಗೆಯುತ್ತೇನೆಂದು ಬಾಯಿ ಬಿಟ್ಟಿರಲಿಲ್ಲ.

ನನ್ನ ಮೊಬೈಲಿನಿಂದ ಅತ್ತೆಗೆ ಹಚ್ಚಿದೆ. ರಿಂಗಾಗಿ ರಿಂಗಾಗಿ ಕಡಿಯಿತು. ಮತ್ತೆ ಹಚ್ಚಿದೆ. ಅತ್ತೆಯ ಮಗಳಿಗೆ ಹಚ್ಚಿದರೆ ಸ್ವಿಚ್ ಆಫ್, ಬಾಣಂತಿ ಮೊಬೈಲು ನೋಡಬಾರದೆಂದು ಕಸಿದು ಇಟ್ಟಿದ್ದರು. "ನಿಮ್ಮತ್ತಿ ನೀರಿಗೆ ಹೋಗ್ಯಾಳೇನೋ," ಎಂದಳು ಅವ್ವ. ಅಪ್ಪ ನಲ್ಲಿ ಬಿಟ್ಟು ಎದ್ದು, ಕೈಯಿಂದ ನೀರು ತೊಟ್ಟಿಕ್ಕಿಸುತ್ತ ನನ್ನ ಮುಂದೆ ಬಂದು ನಿಂತ. "ಹಚ್ಚು. ಮತ್ತ ಹಚ್ಚು," ಎನ್ನುತ್ತಿದ್ದ. ಅವನ ದನಿ ನನಗೆ ಗುರುತೇ ಸಿಗಲಿಲ್ಲ. ನಾನು ಸ್ಪೀಕರಿಗೆ ಹಾಕಿ ಮತ್ತೆ ಹಚ್ಚಿದೆ.

ಅತ್ತೆ ಎತ್ತಿದಳು.

"ಅತ್ತೀ, ಆ ದೀಪ..."

"ಹೂಂ ಯವ್ವಾ, ಬಾಳ ಛಲೋ ಐತಿ! ಬಂದವರೆಲ್ಲ ಕೇಳಾಕತ್ಯಾರ ನೋಡು. ಅಣ್ಣಗ ಹೇಳು, ಅವ ಹೇಳಿದಂಗ ಒಂದ್ ದಿನಾನೂ ಚಾರ್ಜ್ ತಗದಿಲ್ಲ. ಕೂಸಿನ ತಲಿದೆಸಿ ಇಟ್ಟೀನಿ. ಯಾಕೋ ನಿನ್ನಿಂದ ಜರಾ ಉಬ್ಬಿದಂಗ ಕಾಣತೈತಿ, ಮ್ಯಾಲ ಒಂದು ಶಾಲು ಹೊಚ್ಚೀನಿ..."

"ಅತ್ತೀ, ಕೂಸಿನ್ನ ಎತ್ತು! ಮದಲ ಕೂಸಿನ್ನ ಎತ್ತಿ ಹೊರಗ ಓಡು, ಅಕಿನ್ನೂ ಎಬ್ಬಿಸು! ಬ್ಯಾಟರಿ ಮುಟ್ಟಬ್ಯಾಡ, ಮೇನ್ ಸ್ವಿಚ್ ತಗಿ! ಓಡು, ಓಡು ಅತ್ತೀ!"

ನಾನು ಯಾವತ್ತೂ ಹಾಗೆ ಕೂಗಿದವಳಲ್ಲ. ನನ್ನ ಕೂಗಿಗೆ ನನ್ನ ಮಗಳು ಎಚ್ಚರಾಗಿ ಬೆದರಿ ಕೈಕಾಲು ಚಾಚಿದಳು. ಆ ಕಡೆ ಫೋನು ಏನೋ ಗಟ್ಟಿಯಾದದ್ದರ ಮೇಲೆ ಬಿತ್ತು. ಓಡುವ ಹೆಜ್ಜೆ, ಒಂದು ಪಾತ್ರೆ ಉರುಳಿದ ಸದ್ದು, ಯಾರೋ "ಏನಾತು, ಏನಾತು" ಎಂದದ್ದು. ಆಮೇಲೆ ಏನೂ ಇಲ್ಲ. ಅಪ್ಪ ಸುಟ್ಟ ಕೈಯಿಂದಲೇ ಫೋನು ಕಸಿದುಕೊಂಡ. ನೋವು ಅವನಿಗೆ ತಿಳಿದಂತೆ ಕಾಣಲಿಲ್ಲ. ಅವ್ವ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದಳು. ಅಂಗಳದಲ್ಲಿ ಆ ಕರಿ ಮುದ್ದೆ ಇನ್ನೂ ಚಿಟಿಚಿಟಿ ಎನ್ನುತ್ತಿತ್ತು.

ಆಗ ದೂರದಿಂದ, ಫೋನಿನ ಆಳದಿಂದ, ಎಳೆ ಕೂಸೊಂದು ಕಿರ್ರೆಂದು ಅಳತೊಡಗಿತು. ನಿದ್ದೆಯಿಂದ ಎಳೆದೆಬ್ಬಿಸಿದ ಸಿಟ್ಟಿಗೆ ಉಸಿರು ಕಟ್ಟಿ ಕಟ್ಟಿ ಅಳುತ್ತಿತ್ತು.

"ಅಳಾಕತ್ತೈತಿ," ಎಂದಳು ಅವ್ವ.

"ಅಳಲಿ," ಎಂದ ಅಪ್ಪ. "ಅಳಲಿ ಬಿಡು, ಅಳಲಿ."

ಒದ್ದೆ ನೆಲದ ಮೇಲೆ ಕೂತುಬಿಟ್ಟ. ಅತ್ತೆ ಏದುಸಿರು ಬಿಡುತ್ತ ಫೋನಿಗೆ ಬಂದು, ಎಲ್ಲರೂ ಹೊರಗ ಬಂದೀವಿ, ಸ್ವಿಚ್ ತಗದೀನಿ, ಏನಾತಣ್ಣಾ, ಯಾಕ ಮಾತಾಡವಲ್ಲಿ, ಅಣ್ಣಾ, ಅಣ್ಣಾ ಎಂದು ಕೇಳುತ್ತಲೇ ಇದ್ದಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಅವಳ ಮಾತಿನ ಹಿಂದೆ ಅಳುತ್ತಿದ್ದ ಕೂಸನ್ನು ಕೇಳುತ್ತ ಕೂತ.